ಮಗಳಬಂಡೆಗೆ ಆ ಹೆಸರು ಬಂದ ಬಗೆ

ಪಟ್ಟಣದ ಬಸ್ಸು ಧೂಪದಕೊಪ್ಪಲಿನ ತಿರುವಿಗೆ ಬರುವ ಹೊತ್ತಿಗೆ ಕಿಟಕಿಯ ಪಕ್ಕ ಕೂತವರು ತಮಗೇ ಗೊತ್ತಿಲ್ಲದಂತೆ ಒಂದು ನೀಳ ಉಸಿರು ಎಳೆದುಕೊಳ್ಳುತ್ತಾರೆ. ಇಲ್ಲಿ ಊರು ಕಣ್ಣಿಗೆ ಬೀಳುವ ಮೊದಲೇ ಊರಿನ ಗಾಳಿ ಸಿಗುತ್ತದೆ. ಇಳಿದು ನಾಲ್ಕು ಹೆಜ್ಜೆ ಹಾಕಿದರೆ ರಸ್ತೆಯ ಎರಡೂ ಬದಿಯಲ್ಲಿ ಊದುಬತ್ತಿ ಒಣಗುತ್ತಿರುತ್ತದೆ. ಕಂತೆಯನ್ನು ನೆಲಕ್ಕೆ ಊರಿ ಒಂದು ಸುತ್ತು ತಿರುಚಿ ಕೈಬಿಟ್ಟರೆ ಸಾಕು, ಕಡ್ಡಿಗಳು ತಮ್ಮಷ್ಟಕ್ಕೆ ಬಿಚ್ಚಿಕೊಂಡು ದುಂಡಗೆ ನಿಲ್ಲುತ್ತವೆ. ಬುಡಕ್ಕೆ ಹಚ್ಚಿದ ಕೆಂಪು, ಹಳದಿ ಬಣ್ಣಗಳಿಂದಾಗಿ ದಾರಿಯುದ್ದಕ್ಕೂ ಸೇವಂತಿಗೆ ಬಿಟ್ಟ ಹಾಗೆ ಕಾಣುತ್ತದೆ. ಪೇಟೆಯಿಂದ ಬಂದವರು ಇವುಗಳ ನಡುವೆ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಜಗಲಿಯ ಮೇಲೆ ಮಣೆ ಇಟ್ಟುಕೊಂಡು ಕಡ್ಡಿ ಹೊಸೆಯುವ ಹೆಂಗಸರು ತಲೆ ಎತ್ತದೆಯೇ, "ಎಷ್ಟಾದ್ರೂ ಹೊಡ್ಕಳಿ, ಸೆರಗು ಮಾತ್ರ ತಾಗಿಸ್ಬ್ಯಾಡಿ" ಎನ್ನುತ್ತಾರೆ. ಅವರ ಕೈಗಳು ಮೊಣಕೈವರೆಗೆ ಇದ್ದಿಲ ಪುಡಿಯಲ್ಲಿ ಕಪ್ಪಗಿರುತ್ತವೆ. ಆ ಕೈಗಳಲ್ಲೇ ಮಕ್ಕಳ ಕೆನ್ನೆ ಸವರುವುದರಿಂದ ಊರಿನ ಮಕ್ಕಳಿಗೆ ದೃಷ್ಟಿಬೊಟ್ಟು ಬೇರೆ ಇಡುವ ಕಷ್ಟವಿಲ್ಲ.

ಊರಿನ ಪಡುವಣ ಅಂಚಿನಲ್ಲಿ, ಕೊನೆಯ ಮನೆಗಳ ಹಿತ್ತಲಿಗೆ ಅಂಟಿಕೊಂಡು ಒಂದು ಹಾಸುಬಂಡೆ ಮಲಗಿದೆ. ಗುಡ್ಡ ಎನ್ನಲು ಎತ್ತರ ಸಾಲದು, ಬರೀ ಕಲ್ಲು ಎನ್ನಲು ಮನಸ್ಸು ಬಾರದು. ಬುಡದಲ್ಲಿ ಹರಿವಾಣದಷ್ಟು ಅಗಲದ ಒಂದು ಕುಳಿ, ಎಣ್ಣೆ ಕುಡಿದಂತೆ ಕರ್ರಗೆ ನುಣುಪಾಗಿದೆ. ನೆತ್ತಿಯಲ್ಲಿ ಒಬ್ಬರು ಆರಾಮಾಗಿ ಕೂರುವಷ್ಟು ಜಾಗ ಸವೆದಿದೆ. ಇದೇ ಮಗಳಬಂಡೆ. ಹೆಸರು ಕೇಳಿದ ಕೂಡಲೇ ಬಂದವರ ಮುಖ ಬಾಡುತ್ತದೆ, ದನಿ ತಗ್ಗುತ್ತದೆ. "ಪಾಪ, ಇಲ್ಲಿಂದಲೇ ಹಾರಿದ್ದಾ?" ಎಂದು ವಿಚಾರಿಸುತ್ತಾರೆ. ಕೆರೆಗೋ ಬಂಡೆಗೋ ಹೆಣ್ಣಿನ ಹೆಸರಿದ್ದರೆ ಆಕೆ ಅಲ್ಲಿ ಪ್ರಾಣ ಬಿಟ್ಟಿರಲೇಬೇಕು ಎಂದು ನಮ್ಮ ಜನ ತೀರ್ಮಾನ ಮಾಡಿಕೊಂಡುಬಿಟ್ಟಿದ್ದಾರೆ. ಈ ಬಂಡೆಯಿಂದ ಯಾರೂ ಹಾರಲಿಲ್ಲ. ಹಾರಿದ್ದರೂ ಮೊಣಕಾಲು ತರಚುತ್ತಿತ್ತೇ ಹೊರತು ಹೆಚ್ಚೇನೂ ಆಗುತ್ತಿರಲಿಲ್ಲ. ಇಲ್ಲಿ ಒಬ್ಬ ಮಗಳು ಕೂತಿದ್ದಳು, ಅಷ್ಟೇ. ಅವಳು ಯಾಕೆ ಕೂತಳು, ಕೂತು ಏನು ಮಾಡಿದಳು ಎಂಬುದನ್ನು ಊರಿನವರು ಇವತ್ತಿಗೂ ನಗುನಗುತ್ತಲೇ ಹೇಳುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ ಎನ್ನುತ್ತಾರೆ, ಕೊಪ್ಪಲಿನ ಮನೆಮನೆಯಲ್ಲೂ ಧೂಪದ ಕಡ್ಡಿ ಹೊಸೆಯುತ್ತಿದ್ದರೂ ಬೆಟ್ಟದ ಗವಿಯಲ್ಲಿರುವ ರಂಗನಾಥನಿಗೆ ಮಾಘದ ಹುಣ್ಣಿಮೆಯ ದಿನ ಸಲ್ಲುತ್ತಿದ್ದದ್ದು ಒಂದೇ ಮನೆಯ ಧೂಪ. ಆ ಮನೆಯ ಯಜಮಾನಿ ದೇವಾಜಮ್ಮ. ಕಡ್ಡಿ ಹೊಸೆಯುವುದು ಯಾರಿಗಾದರೂ ಬರುತ್ತದೆ, ಗುಟ್ಟೆಲ್ಲ ಇರುವುದು ಕಲಸಿನಲ್ಲಿ. ಹಾಲುಮಡ್ಡಿ ಎಂಬ ಮರದ ಅಂಟನ್ನು ಬೆಚ್ಚಗೆ ಮಾಡಿ, ಅದಕ್ಕೆ ಬೇರು, ತೊಗಟೆ, ಗೆಡ್ಡೆಗಳ ಪುಡಿಗಳನ್ನು ಒಂದಾದ ಮೇಲೊಂದರಂತೆ ಉದುರಿಸುತ್ತ, ಕೊನೆಗೆ ಇದ್ದಿಲ ಪುಡಿ ಸೇರಿಸಿ ನಾದುವುದಕ್ಕೆ ಕಲಸು ಎಂದು ಹೆಸರು. ಬೇರುಗಳು ಪ್ರತಿ ವರ್ಷ ಒಂದೇ ಹದದಲ್ಲಿ ಸಿಗುವುದಿಲ್ಲವಾದ್ದರಿಂದ ಹಿಡಿ, ಚಿಟಿಕೆಗಳ ಲೆಕ್ಕ ನಂಬುವಂತಿಲ್ಲ. ಯಾವುದು ಎಷ್ಟು ಎಂದು ಮೂಗೇ ಹೇಳಬೇಕು. ಈ ಕಲಸು ಅತ್ತೆಯಿಂದ ಸೊಸೆಗೆ ಬರುತ್ತಿತ್ತು, ಮಗಳಿಗೆ ಮಾತ್ರ ಬರುತ್ತಿರಲಿಲ್ಲ. ಮಗಳು ಇನ್ನೊಂದು ಮನೆ ಸೇರುವವಳು, ಹೋಗುವಾಗ ಮನೆಯ ಕಂಪನ್ನೂ ಕಟ್ಟಿಕೊಂಡು ಹೋದರೆ ಗತಿಯೇನು? ಹೀಗಾಗಿ ಕಲಸುವ ದಿನ ಬೆಳಗಿನ ಊಟವಾದ ಕೂಡಲೇ ಹೆಣ್ಣುಮಕ್ಕಳನ್ನು ಮನೆಯಿಂದಾಚೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ದೇವಾಜಮ್ಮನನ್ನೂ ತವರಿನಲ್ಲಿ ಹಾಗೆಯೇ ಆಚೆ ಕಳಿಸಿದ್ದರು. ಆಕೆಗೆ ಅದು ಸೂರ್ಯ ಹುಟ್ಟಿದಷ್ಟೇ ಸಹಜವಾದ ಸಂಗತಿ.

ದೇವಾಜಮ್ಮನ ಮಗಳು ಹೊನ್ನಾಜಿ. ಚಿಕ್ಕವಳಿದ್ದಾಗಿನಿಂದ ಕಲಸುವ ದಿನ ಅವಳ ಪಾಲಿಗೆ ಬಂಡೆಯೇ ಗತಿ. ಅಲ್ಲಿ ಹಿಂದಿನ ದಿನ ಹೊಸೆದ ಕಡ್ಡಿಗಳನ್ನು ಒಣಹಾಕಿರುತ್ತಿದ್ದರು. ಅವನ್ನು ಆಗಾಗ ಮಗ್ಗುಲು ಮಗುಚಬೇಕು, ಆಡು ಬಂದರೆ ಅಟ್ಟಬೇಕು, ಕರೆಯುವ ತನಕ ಕೆಳಗಿಳಿಯಬಾರದು. ಇನ್ನು ಒಳಗಿನವರ ಜಾಣತನ ನೋಡಿ. ಮಗಳ ಕಣ್ಣಿಗೆ ಬೀಳದಿರಲೆಂದು ಬಾಗಿಲು ಹಾಕಿದರು, ಕಿವಿಗೆ ಬೀಳದಿರಲೆಂದು ಪಿಸುದನಿಯಲ್ಲಿ ಮಾತಾಡಿದರು. ಅಟ್ಟದ ಬೆಳಕಿಂಡಿ ಮಾತ್ರ ತೆರೆದೇ ಇತ್ತು, ಇಲ್ಲದಿದ್ದರೆ ಬೆಚ್ಚಗಿನ ಹಾಲುಮಡ್ಡಿಯ ಘಾಟಿಗೆ ಒಳಗಿದ್ದವರು ಉಸಿರುಗಟ್ಟಬೇಕಿತ್ತು. ಆ ದಿನಗಳಲ್ಲಿ ಬೀಸುವುದು ಮೂಡಣ ಗಾಳಿ. ಬಂಡೆ ಇರುವುದು ಮನೆಯ ಪಡುವಣಕ್ಕೆ. ಹುಟ್ಟಿದಂದಿನಿಂದ ಕಂಪಿನಲ್ಲೇ ಮುಳುಗಿದ್ದವರಿಗೆ ಅದು ಗೋಡೆ ದಾಟಿ ಆಚೆ ಹೋಗುತ್ತದೆ ಎನ್ನುವುದೇ ಮರೆತುಹೋಗಿತ್ತು. ಮೂಗನ್ನೇ ನಂಬಿ ಬದುಕುವ ಮನೆಯವರು ಕಣ್ಣು, ಕಿವಿಗಳಿಗೆಲ್ಲ ಕಾವಲು ಹಾಕಿ ಮೂಗೊಂದನ್ನು ಬಿಟ್ಟರು. ಇಂಥ ತಪ್ಪು ಮಾಡಲು ಕೊಪ್ಪಲಿನವರೇ ಆಗಬೇಕು.

ಹೊನ್ನಾಜಿ ನೆತ್ತಿಯ ಮೇಲೆ ಕೂತು ಮುಖ ಮೂಡಲಿಗೆ ಮಾಡಿ ಕಣ್ಣು ಮುಚ್ಚುತ್ತಿದ್ದಳು. ಅದೊಂದು ಆಟ. ಮೊದಲು ಹಾಲುಮಡ್ಡಿ ಬರುತ್ತಿತ್ತು, ಆಗಷ್ಟೇ ಹೆಪ್ಪಾಗುತ್ತಿರುವ ಹಾಲಿನಂತೆ. ಆಮೇಲೆ ಮೂಗಿನ ತುದಿ ಚುರುಗುಟ್ಟಿಸುವ ಕಚೋರ, ಅದರ ಹಿಂದೆ ಮೊದಲ ಮಳೆ ಬಿದ್ದ ನೆಲದಂತಹ ಲಾವಂಚ. ಇವೆಲ್ಲ ಹಿತ್ತಲಲ್ಲಿ ಒಣಗಲು ಬರುವ ಬೇರು, ಗೆಡ್ಡೆಗಳಾದ್ದರಿಂದ ಹೆಸರು ಗೊತ್ತಿತ್ತು. ಲಾವಂಚದ ಬೆನ್ನಿಗೆ ಇನ್ನೊಂದು ಬರುತ್ತಿತ್ತು. ಅದಕ್ಕೆ ಏನೆನ್ನುತ್ತಾರೋ ಅವಳಿಗೆ ತಿಳಿಯದು. ಬಲು ಮಂದವಾದ, ಸ್ವಲ್ಪ ಕಹಿಯಾದ, ಮೂಗಿಗೆ ಬಿದ್ದರೆ ನಿದ್ದೆ ಬರುವಂತಹ ವಾಸನೆ. ಅಜ್ಜಿ ತನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸೆರಗು ಹೊದಿಸುತ್ತಿದ್ದಾಗ ಬರುತ್ತಿದ್ದದ್ದು ಇದೇ ಎಂದು ಅವಳಿಗೆ ಅನ್ನಿಸುತ್ತಿತ್ತು. ಹಾಗಾಗಿ ಅದಕ್ಕೆ ಅವಳಿಟ್ಟ ಹೆಸರು ಅಜ್ಜಿ ಸೆರಗು. ಅದು ಬಂದಮೇಲೆ ಆಟ ಮುಗಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯುವ ಸದ್ದಾಗುತ್ತಿತ್ತು, ಊಟಕ್ಕೆ ಕರೆಯುತ್ತಿದ್ದರು. ತಾನು ಏನನ್ನೋ ಕಲಿಯುತ್ತಿದ್ದೇನೆ ಎಂದು ಅವಳಿಗೆ ಒಂದು ದಿನವೂ ಹೊಳೆಯಲಿಲ್ಲ.

ಪ್ರಾಯಕ್ಕೆ ಬಂದಮೇಲೆ ಅವಳನ್ನು ಹೊಳೆಯಾಚೆಯ ಊರಿಗೆ ಕೊಟ್ಟರು. ಗಂಡ ರಾಗಿ ಬೆಳೆಯುವ ಮನೆತನದವನು, ಸಾಧು ಮನುಷ್ಯ. ಸಾರು ತಳ ಹಿಡಿದರೂ ಚಪ್ಪರಿಸಿ ಉಣ್ಣುವವನನ್ನು ಸಾಧು ಎನ್ನದೆ ಇನ್ನೇನೆನ್ನಬೇಕು! ಕೊಪ್ಪಲಿನಿಂದ ಹೆಣ್ಣು ಹೊರಡುವಾಗ ಆಗ ಒಂದು ಶಾಸ್ತ್ರವಿತ್ತು. ತಾಯಿಯಾದವಳು ಹೊಸಿಲ ಬಳಿ ಮಗಳ ಕೈಗಳಿಗೆ ಹುಳಿಮಜ್ಜಿಗೆ ಹೊಯ್ದು, ಒಲೆಯ ಬೂದಿ ಹಾಕಿ, ಬೆರಳುಸಂದಿ ಬಿಡದೆ ಉಜ್ಜಿ ತೊಳೆಯುತ್ತಿದ್ದಳು. ಮನೆಯ ಕಂಪಿನ ಒಂದು ಎಳೆಯೂ ಮಗಳ ಜತೆಗೆ ಹೋಗಬಾರದು ಎಂಬುದು ಅದರ ಉದ್ದೇಶ. ದೇವಾಜಮ್ಮನೂ ತೊಳೆದಳು. ಅಳುತ್ತಲೇ ತೊಳೆದಳು ಎನ್ನುತ್ತಾರೆ, ಆದರೆ ಚೆನ್ನಾಗಿಯೇ ತೊಳೆದಳು. ಗಾಡಿ ಊರು ದಾಟಿದ ಮೇಲೆ ಹೊನ್ನಾಜಿ ಅಂಗೈಯನ್ನು ಮೂಗಿಗೆ ಹಿಡಿದಳು. ಬರೀ ಮಜ್ಜಿಗೆಯ ಹುಳಿ, ಬೂದಿಯ ಒಗರು. ತವರು ತನ್ನನ್ನು ಪಾತ್ರೆ ತೊಳೆದ ಹಾಗೆ ತೊಳೆದು ಕಳಿಸಿತು ಅಂದುಕೊಂಡಾಗ ಅವಳಿಗೆ ತಡೆಯಲಾರದಷ್ಟು ಅಳು ಬಂತು. ಗಂಡ, ತವರು ಬಿಟ್ಟ ಸಂಕಟವೆಂದುಕೊಂಡು ಸುಮ್ಮನಿದ್ದ.

ವರ್ಷಗಳು ಕಳೆದವು. ಅಜ್ಜಿ ತೀರಿಕೊಂಡಳು. ಹೊನ್ನಾಜಿಯ ತಮ್ಮನಿಗೆ ಊರಿನದೇ ಮೇಗಲಕೇರಿಯ ಹುಡುಗಿ ಮುದ್ದಮ್ಮನನ್ನು ತಂದುಕೊಂಡರು. ಮಾತು ಕಮ್ಮಿ, ಕೆಲಸ ಹೆಚ್ಚು ಎನ್ನುವಂತಹ ಹೆಣ್ಣು. ದೇವಾಜಮ್ಮ ಅವಳಿಗೆ ಕಲಸು ಹೇಳಿಕೊಡಲು ಶುರುಮಾಡಿದ ವರ್ಷವೇ ಒಂದು ಕೆಟ್ಟ ಚಳಿಜ್ವರ ಬಂದು ಆಕೆ ಹಾಸಿಗೆ ಹಿಡಿದು ಎದ್ದಳು. ಆ ಮಾಘದಲ್ಲಿ ಗವಿಯಲ್ಲಿ ಧೂಪ ಹಚ್ಚಿದಾಗ ಹೊಗೆ ಕಣ್ಣು ಉರಿಸಿತು, ಪೂಜೆ ಮಾಡುವವರು ಮಂತ್ರದ ನಡುವೆ ಸೀನಿದರು, ರಂಗನಾಥನಿಗೆ ಏನೋ ಮುನಿಸು ಎಂದು ಜನ ಗುಸುಗುಸು ಮಾಡಿದರು. ಮುಂದಿನ ಮಾಘದಲ್ಲೂ ಹೀಗಾದರೆ ಧೂಪದ ಸೇವೆಯನ್ನು ಬೇರೆ ಮನೆಗೆ ಒಪ್ಪಿಸುವುದೆಂದು ಹಿರಿಯರು ಹೇಳಿಬಿಟ್ಟರು. ದೇವಾಜಮ್ಮ ಹಾಲುಮಡ್ಡಿ ಮಾರಿದವನನ್ನು ಬೈದಳು. ಆಮೇಲೆ, "ಇವಳ ಕೈ ಸರಿ ಇಲ್ಲ" ಎಂದು ಸೊಸೆಯನ್ನು ಬೈದಳು. ಮುದ್ದಮ್ಮ ಎದುರು ಮಾತಾಡಲಿಲ್ಲ. ತನ್ನ ಕೈಯೇ ಸರಿಯಿಲ್ಲವೇನೋ ಎಂದು ಅವಳೂ ನಂಬಿಬಿಟ್ಟಿದ್ದಳು.

ಮಾರನೆಯ ವರ್ಷ ಸಂಕ್ರಾಂತಿ ಕಳೆದ ಮೇಲೆ ಹೊನ್ನಾಜಿ ತಾಯಿಯನ್ನು ನೋಡಿಕೊಂಡು ಹೋಗಲು ಬಂದಳು. ಮನೆಯಲ್ಲಿ ನಗುವಿರಲಿಲ್ಲ. ತಮ್ಮ, ತಲೆಯ ಮೇಲೆ ಕೈಹೊತ್ತು ಕೂತಿದ್ದ, ಮುದ್ದಮ್ಮನ ಕಣ್ಣು ಬಾತಿತ್ತು. ದೇವಾಜಮ್ಮನ ಮುಖ ಮಾತ್ರ ಬಿಗಿದುಕೊಂಡಿತ್ತು, ಏನು ಕೇಳಿದರೂ "ಈ ಸಲ ನಾನೇ ಕಲಸ್ತೀನಿ" ಎನ್ನುವ ಒಂದೇ ಮಾತು. ಸೇವೆ ಕೈತಪ್ಪಿದರೆ ಮನೆಯ ಮಾನ ಹೋಗುತ್ತದೆ ಎನ್ನುವುದು ಒಂದು ಸಂಕಟ. ಹೊನ್ನಾಜಿಗೆ ಅದಕ್ಕಿಂತ ಹತ್ತಿರದ ಸಂಕಟ ಇನ್ನೊಂದಿತ್ತು. ತಾನು ಬಂಡೆಯ ಮೇಲೆ ಕೂತು ಕಾಯುತ್ತಿದ್ದ ಆ ಕಂಪು ಇನ್ನು ಈ ಲೋಕದಲ್ಲೇ ಇರುವುದಿಲ್ಲವಲ್ಲ! ಕಲಸುವ ದಿನ ಬಂತು. ಬೆಳಗಿನ ಊಟವಾದ ಮೇಲೆ ದೇವಾಜಮ್ಮ ಹಳೇ ರೂಢಿಯಂತೆ ಮಗಳ ಕಡೆ ನೋಡದೆಯೇ, "ಬಂಡೆ ಮ್ಯಾಕೆ ಹೋಗಿ ಕಡ್ಡಿ ನೋಡ್ಕೊ, ಹೋಗವ್ವ" ಎಂದಳು. ಎರಡು ಮಕ್ಕಳ ತಾಯಿಯಾದ ಹೊನ್ನಾಜಿ ಚಿಕ್ಕ ಹುಡುಗಿಯಂತೆ ಎದ್ದು ಹೋದಳು.

ಬಂಡೆಯ ಮೇಲೆ ಅವಳ ಜಾಗ ಅವಳನ್ನು ಮರೆತಿರಲಿಲ್ಲ. ಕೂತಳು, ಕಣ್ಣು ಮುಚ್ಚಿದಳು. ಹಾಲುಮಡ್ಡಿ ಬಂತು, ಕಚೋರ ಬಂತು, ಲಾವಂಚವೂ ಬಂತು. ಅವಳ ಎದೆ ಹಗುರಾಯಿತು. ಇನ್ನೇನು ಅಜ್ಜಿ ಸೆರಗು ಬರಬೇಕು ಎಂದು ಉಸಿರು ಹಿಡಿದು ಕಾದಳು. ಬಂದದ್ದು ಮತ್ತೆ ಕಚೋರ. ಮೊದಲಿಗಿಂತ ಖಾರವಾಗಿ, ಮೂಗು ಚುಚ್ಚುವಂತೆ ಬಂತು. ಹೊನ್ನಾಜಿ ಕಣ್ಣು ತೆರೆದು ಮನೆಯ ಕಡೆ ನೋಡಿದಳು. ಕುಟ್ಟಿದ ಮೇಲೆ ಆ ಪುಡಿಗಳೆಲ್ಲ ಒಂದೇ ಮಣ್ಣುಬಣ್ಣ, ಮಡಕೆಗಳೂ ಒಂದೇ ತರ. ಮೂಗಿಗೆ ಹಿಡಿಯದೆ ಯಾವುದು ಯಾವುದೆಂದು ಹೇಳುವಂತಿಲ್ಲ. ಅವ್ವ ಮೂಗಿಗೆ ಹಿಡಿಯಲಿಲ್ಲವೇ? ಹಿಡಿದರೂ ತಿಳಿಯಲಿಲ್ಲವೇ? ಜ್ವರದಿಂದ ಎದ್ದಮೇಲೆ ಅವ್ವ ಮಲ್ಲಿಗೆ ಮುಡಿದುಕೊಂಡು ಒಂದು ದಿನವೂ "ಹಾ" ಎಂದು ಉಸಿರೆಳೆದದ್ದನ್ನು ತಾನು ನೋಡಿಲ್ಲ ಎಂಬುದು ಅವಳಿಗೆ ಆಗ ನೆನಪಾಯಿತು. ಈಗ ಏನು ಮಾಡಬೇಕು? ಸುಮ್ಮನೆ ಕೂತರೆ ಕಂಪು ಹೋಗುತ್ತದೆ. ಬಾಯಿ ಬಿಟ್ಟರೆ ತಾಯಿಯ ಕಣ್ಣಿಗೆ ತಾನು ಕಳ್ಳಿಯಾಗುತ್ತೇನೆ. ಹೊನ್ನಾಜಿ ಬಂಡೆಯಿಂದ ಇಳಿದು ಹೋಗಿ, ಕೊಪ್ಪಲಿನ ಯಾವ ಮಗಳೂ ಆವರೆಗೆ ಮಾಡದಿದ್ದ ಕೆಲಸ ಮಾಡಿದಳು. ಕಲಸುವ ದಿನದ ಬಾಗಿಲು ತಟ್ಟಿದಳು.

"ಅವ್ವಾ, ಬಾಗ್ಲು ತೆಗಿ."

"ಕಲಸೋ ದಿನ ಬಾಗ್ಲು ತಟ್ತಾರೇನೇ? ತಲೆಗಿಲೆ ಕೆಟ್ಟದಾ? ಹೋಗು ಬಂಡೆ ಮ್ಯಾಕೆ."

"ಅಜ್ಜಿ ಸೆರಗು ಬರ್ಲಿಲ್ಲ ಕಣವ್ವ. ಲಾವಂಚ ಆದ್ಮೇಲೆ ಬರ್ಬೇಕಿತ್ತು. ಕಚೋರ ಎಲ್ಡು ಸಲ ಬಿತ್ತು."

ಅಜ್ಜಿ ಸೆರಗು ಯಾವುದೆಂದು ದೇವಾಜಮ್ಮನಿಗೆ ಅರ್ಥವಾಗಲಿಲ್ಲ, ಉಳಿದದ್ದೆಲ್ಲ ಅರ್ಥವಾಯಿತು. ಮಗಳಿಗೆ ಕಲಸು ಗೊತ್ತು. ತನ್ನ ಮೂಗು ಸತ್ತಿರುವುದೂ ಅವಳಿಗೆ ಗೊತ್ತಾಗಿದೆ. ಇಡೀ ವರ್ಷ ಯಾರ ಮುಂದೂ ಬಾಯಿಬಿಡದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ಬಾಗಿಲ ಆಚೆಯಿಂದ ಬಂದದ್ದೇ ಆಕೆಗೆ ಕೆಂಡದಂತಹ ಕೋಪ ಬಂತು.

"ನನ್ನ ಹೊಟ್ಟೇಲಿ ಹುಟ್ಟಿ ನನ್ನ ಮನೇನೇ ಕದ್ದಲ್ಲೇ!"

"ಬಂಡೆ ಮ್ಯಾಕೆ ಕಳ್ಸಿದ್ದು ನೀನೇ ಅಲ್ವ? ಮೂಗು ಇಲ್ಲೇ ಬಿಚ್ಚಿಟ್ಟು ಹೋಗು ಅಂದಿದ್ರೆ ಇಟ್ಟೋಗ್ತಿದ್ದೆ" ಎಂದಳು ಹೊನ್ನಾಜಿ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡು, ದನಿ ಇಳಿಸಿ, "ನಿಂಗೆ ವಾಸ್ನೆ ತಿಳೀತಿಲ್ಲ ಅಲ್ವೇನವ್ವ?" ಎಂದು ಕೇಳಿದಳು.

ದೇವಾಜಮ್ಮ ಚಿಲಕಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟಳು. ಆಗ ಎದ್ದವಳು ಮುದ್ದಮ್ಮ. ತನ್ನ ಕೈಯಲ್ಲಿ ದೋಷವಿರಲಿಲ್ಲ ಎಂದು ತಿಳಿದಾಗ ಅವಳಿಗೆ ಸಿಟ್ಟು ಬರಬೇಕಿತ್ತು, ಯಾರಿಗಾದರೂ ಬರುತ್ತಿತ್ತು. ಬಂದದ್ದು ಮೈಯೆಲ್ಲ ಹಗುರಾಗುವಂತಹ ನೆಮ್ಮದಿ. ಅವಳು ಹಿತ್ತಲ ಬಾಗಿಲು ತೆರೆದು, ಉಳಿದ ಹಾಲುಮಡ್ಡಿಯನ್ನು ಮರದ ಮರಿಗೆಗೆ ಹಾಕಿ, ಪುಡಿಯ ಮಡಕೆಗಳನ್ನು ಮೊರದಲ್ಲಿ ಜೋಡಿಸಿಕೊಂಡಳು. ಆ ಹಾಲುಮಡ್ಡಿ ಇನ್ನೊಂದು ಕಲಸಿಗೆ ಆಗುವಷ್ಟೇ ಇತ್ತು, ಇದೂ ಕೆಟ್ಟರೆ ಹುಣ್ಣಿಮೆಗೆ ಧೂಪವಿಲ್ಲ. ಅತ್ತೆ ಗದರಿಕೊಂಡಾಗ ಮುದ್ದಮ್ಮ ಮೊದಲ ಸಲ ತಿರುಗಿ ಮಾತಾಡಿದಳು. "ಮಗಳು ಒಳಕ್ಕೆ ಬರ್ಬಾರ್ದು ಅಂತ ತಾನೇ ಅತ್ತೆ, ಕಟ್ಲೆ? ಮರಿಗೆ ಹೊರಕ್ಕೆ ಹೋಗ್ಬಾರ್ದು ಅಂತ ಯಾರೂ ಅಂದಿಲ್ವಲ್ಲ. ಕಲಸೋದು ನಾನೇ. ಅಕ್ಕ ಬರೀ ಹೇಳ್ಲಿ." ಹಾಗೆಂದವಳೇ ಮರಿಗೆಯನ್ನು ಸೊಂಟಕ್ಕಿಟ್ಟುಕೊಂಡು ಬಂಡೆಯ ಕಡೆ ನಡೆದಳು. ಊರಿನ ಹೆಂಗಸರು ಈ ಮಾತನ್ನು ಹೇಳುವಾಗ ಇವತ್ತಿಗೂ ದನಿ ಎತ್ತರಿಸುತ್ತಾರೆ.

ಬಂಡೆಯ ಬುಡದ ಕುಳಿ ಬಿಸಿಲಿಗೆ ಕಾದಿತ್ತು. ಹಾಲುಮಡ್ಡಿ ಅದರಲ್ಲಿ ತಾನಾಗಿಯೇ ಮೆದುವಾಯಿತು. ಹೊನ್ನಾಜಿ ಕುಳಿಯ ಪಕ್ಕದಲ್ಲೇ ಕೂತಳು, ಮುದ್ದಮ್ಮ ಕಚೋರ ಉದುರಿಸಿ ಅವಳ ಮುಖ ನೋಡಿದಳು. ಹೊನ್ನಾಜಿಗೆ ಏನೂ ತಿಳಿಯಲಿಲ್ಲ. ಅಷ್ಟು ಹತ್ತಿರದಲ್ಲಿ ಎಲ್ಲ ಮಡಕೆಗಳ ವಾಸನೆಯೂ ಒಟ್ಟಿಗೆ ಮೇಲೆ ಬಿದ್ದು ತಲೆ ಗಿರ್ರೆಂದಿತು. ಬಾಗಿಲು ತಟ್ಟಿ, ತಾಯಿಯ ಕೈಲಿ ಕಳ್ಳಿ ಅನ್ನಿಸಿಕೊಂಡು, ಕೊನೆಗೆ ತಾನು ಏನೂ ಅರಿಯದವಳಾದೆನಲ್ಲ ಎಂದು ಅವಳು ಎದ್ದು ನಾಲ್ಕು ಹೆಜ್ಜೆ ಆಚೆ ಸರಿದಳು. ಆಮೇಲೆ ಹೊಳೆಯಿತು. ತಾನು ಕಲಿತದ್ದು ಮರಿಗೆಯ ಪಕ್ಕದಲ್ಲಲ್ಲ, ದೂರದಲ್ಲಿ, ಗಾಳಿಯಲ್ಲಿ. ಸೀರೆ ಎತ್ತಿ ಕಟ್ಟಿ ಬಂಡೆಯ ನೆತ್ತಿಗೆ ಹತ್ತಿ ತನ್ನ ಜಾಗದಲ್ಲಿ ಕೂತಳು. ಮೂಡಣ ಗಾಳಿ ಕುಳಿಯ ಮೇಲಿನಿಂದ ಹಾದು ಬಂತು. "ಬಂತು, ಕಚೋರ ಬಂತು! ಇನ್ನೊಂಚೂರು! ಸಾಕು!" ಎಂದು ಅವಳು ಮೇಲಿಂದ ಕೂಗಿದಳು. ಕೆಳಗೆ ಮುದ್ದಮ್ಮನ ಕೈ ಆಡತೊಡಗಿತು. ಲಾವಂಚವೂ ಆಯಿತು. ಅಷ್ಟರಲ್ಲಿ ದೇವಾಜಮ್ಮ ಬಂದು, ಇಬ್ಬರಿಗೂ ಬೆನ್ನು ತಿರುಗಿಸಿ, ಮುಖ ಊದಿಸಿಕೊಂಡು ಕೂತಿದ್ದಳು. ನೋಡುವುದಿಲ್ಲ ಎಂದು ಬಂದವಳು ಮನೆಯಲ್ಲೇ ಇರಬಹುದಿತ್ತು.

ಇನ್ನು ಅಜ್ಜಿ ಸೆರಗು. ಹೆಸರು ಹೊನ್ನಾಜಿಗೂ ಗೊತ್ತಿಲ್ಲ, ಮುದ್ದಮ್ಮನಿಗಂತೂ ಅತ್ತೆ ಹೇಳಿಕೊಟ್ಟದ್ದೇ ತಲೆಕೆಳಗು. ಮುದ್ದಮ್ಮ ಒಂದೊಂದೇ ಮಡಕೆಯ ಬಾಯಿ ಬಿಚ್ಚಿ ಗಾಳಿಗೆ ಹಿಡಿದಳು. "ಅದಲ್ಲ. ಅದೂ ಅಲ್ಲ" ಎಂದು ಮೇಲಿಂದ ಉತ್ತರ ಬರುತ್ತಿತ್ತು. ಕೊನೆಗೆ ಮೊರದ ಮೂಲೆಯಲ್ಲಿದ್ದ ಒಂದು ಪುಟ್ಟ ಕುಡಿಕೆ ಉಳಿಯಿತು. ಅದನ್ನು ಬಿಚ್ಚಿ ಹಿಡಿದಾಗ ಹೊನ್ನಾಜಿ ನೆತ್ತಿಯ ಅಂಚಿಗೆ ಸರಿದು ಬಗ್ಗಿದಳು. "ಅದೇ ಕಣೆ ಮುದ್ದಿ. ಅಜ್ಜಿ ಸೆರಗು ಅದೇ" ಎಂದು ಕೇಳಿಸಿತು. ದೇವಾಜಮ್ಮ ತಡೆಯಲಾರದೆ ತಿರುಗಿ ನೋಡಿದಳು. ಸೊಸೆಯ ಕೈಯಲ್ಲಿದ್ದದ್ದು ಬಡಗಣ ಸೀಮೆಯ ವ್ಯಾಪಾರಿಗಳು ತರುತ್ತಿದ್ದ ಜಟಾಮಾಂಸಿ ಬೇರಿನ ಪುಡಿ. ಬೆಲೆಯ ಸಾಮಾನಾದ್ದರಿಂದ ಆಕೆಯ ಅತ್ತೆ ಅದನ್ನು ಮಡಕೆಯಲ್ಲಿಡದೆ ಸೆರಗಿನ ಗಂಟಿನಲ್ಲೇ ಕಟ್ಟಿಕೊಂಡಿರುತ್ತಿದ್ದಳು. ಆ ಸೆರಗಿನಲ್ಲೇ ಮೊಮ್ಮಗಳನ್ನು ಹೊದಿಸಿ ತಟ್ಟಿ ಮಲಗಿಸುತ್ತಿದ್ದಳು.

ದೇವಾಜಮ್ಮ ಬಹಳ ಹೊತ್ತು ಆ ಕುಡಿಕೆಯನ್ನು ನೋಡಿದಳು. ಮಗಳು ಕದ್ದಿರಲಿಲ್ಲ. ಮನೆಯ ಗುಟ್ಟಿನಲ್ಲಿ ಎಲ್ಲಕ್ಕಿಂತ ಒಳಗಿನದನ್ನು ಮನೆಯ ಹಿರಿಯಳೇ, ಕಟ್ಟಳೆಯನ್ನು ಎಲ್ಲರಿಗಿಂತ ಬಿಗಿಯಾಗಿ ಕಾಪಾಡಿದವಳೇ, ಕೂಸಿಗೆ ತೊಡೆಯ ಮೇಲೆ ಕೊಟ್ಟುಬಿಟ್ಟಿದ್ದಳು. ಆಕೆಯ ಕೋಪ ಇಳಿಯಿತು. ನಗುವೂ ಅಳುವೂ ಒಟ್ಟಿಗೆ ಬಂದವು. "ಅದು ನಮ್ಮತ್ತೆ ಸೆರಗಿನ ಗಂಟಲ್ಲಿರ್ತಿದ್ದದ್ದು ಕಣೇ" ಎಂದು ಬಂಡೆಯ ಕಡೆಗೆ ಕೂಗಿ ಹೇಳಿದಳು. ಆಮೇಲೆ ಸೊಸೆಯ ಪಕ್ಕಕ್ಕೆ ಸರಿದು ಕೂತು, "ಹಾಕು ಮುದ್ದವ್ವ. ಬೆರಳ ತುದೀಲಿ ಹಾಕು. ನಿನ್ನ ಕೈ ಸರಿಯಾಗೇ ಅದೆ" ಎಂದಳು. ಕಲಸು ಹದಕ್ಕೆ ಬಂದಾಗ ಹೊನ್ನಾಜಿ ಮುಖವೆತ್ತಿ ಕಣ್ಣು ಮುಚ್ಚಿ ಕೂತದ್ದನ್ನು ತಾಯಿ ಕೆಳಗಿನಿಂದ ನೋಡಿದಳು. ತನ್ನ ಮೂಗಿಗೆ ಏನೂ ತಿಳಿಯದಿದ್ದರೂ ಕಂಪು ಬಂದಿದೆ ಎನ್ನುವುದು ಮಗಳ ಮುಖ ನೋಡಿಯೇ ಆಕೆಗೆ ತಿಳಿಯಿತು ಎನ್ನುತ್ತಾರೆ.

ಹುಣ್ಣಿಮೆಯ ದಿನ ಗವಿಯಲ್ಲಿ ಧೂಪ ಹಚ್ಚಿದರು. ಯಾರೂ ಸೀನಲಿಲ್ಲ, ಯಾರ ಕಣ್ಣೂ ಉರಿಯಲಿಲ್ಲ. ಹಿಂದೆ ನಿಂತಿದ್ದ ಮುದುಕರು ಮಾತು ನಿಲ್ಲಿಸಿ ಸುಮ್ಮನೆ ಉಸಿರಾಡಿದರು. ಹಿರಿಯರು ಮೆಚ್ಚಿಕೊಂಡು ದೇವಾಜಮ್ಮನ ಕೈಗುಣವನ್ನು ಹೊಗಳತೊಡಗಿದಾಗ ಆಕೆ ಸುಮ್ಮನಿದ್ದು ಹೊಗಳಿಕೆ ಹೊತ್ತು ಮನೆಗೆ ಬರಬಹುದಿತ್ತು. "ನನ್ನ ಮೂಗು ಹೋಗದೆ ಸ್ವಾಮಿ. ಕೈ ನನ್ನ ಸೊಸೇದು, ಮೂಗು ಬಂಡೆ ಮ್ಯಾಲೆ ಕೂತಿದ್ದ ನನ್ನ ಮಗಳದು" ಎಂದು ಎಲ್ಲರೆದುರು ಹೇಳಿದಳು. ಹೆಣ್ಣುಮಕ್ಕಳಿಗೆ ಕಲಸು ತಿಳಿಯಬಾರದೆಂಬ ಕಟ್ಟಳೆಯ ಮಾತನ್ನು ಯಾರೋ ಎತ್ತಿದರಂತೆ. ಆದರೆ ಒಳ್ಳೆಯ ಧೂಪ ಉರಿಯುತ್ತಿರುವ ಜಾಗದಲ್ಲಿ ನಿಂತು ಜಗಳ ತೆಗೆಯುವುದು ಕಷ್ಟ. ಅಂದಿನಿಂದ ಜನ ಆ ಬಂಡೆಯನ್ನು ದೇವಾಜಮ್ಮನ ಮಗಳ ಬಂಡೆ ಎಂದು ಕರೆದರು. ಕಾಲ ಕಳೆದಂತೆ ದೇವಾಜಮ್ಮನ ಹೆಸರು ಸವೆದುಹೋಗಿ ಮಗಳಬಂಡೆ ಮಾತ್ರ ಉಳಿಯಿತು. ಮೇಗಲಕೇರಿಯವರು ಇದನ್ನು ಒಪ್ಪುವುದಿಲ್ಲ. ಮರಿಗೆ ಹೊತ್ತವಳು ತಮ್ಮ ಮನೆ ಹೆಣ್ಣು, ನ್ಯಾಯವಾಗಿ ಇದು ಸೊಸೆಬಂಡೆಯಾಗಬೇಕಿತ್ತು ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದು ಹೇಳುವ ಹಾಗಿಲ್ಲ.

ಹೊನ್ನಾಜಿ ಹೊರಡುವ ದಿನ ಗಾಡಿ ಬಾಗಿಲಿಗೆ ಬಂದಿತ್ತು. ಹುಣ್ಣಿಮೆ ಕಳೆದಮೇಲೂ ಉಳಿದಿದ್ದ ಕಲಸನ್ನು ಅವಳು ಅತ್ತಿಗೆ ನಾದಿನಿಯರ ಸಡಗರದಲ್ಲಿ ಮುದ್ದಮ್ಮನ ಜತೆ ಕೂತು ಹೊಸೆದಿದ್ದಳು. ಕೈಯೆಲ್ಲ ಕಪ್ಪಾಗಿತ್ತು. ದೇವಾಜಮ್ಮ ಒಳಗಿನಿಂದ ಹುಳಿಮಜ್ಜಿಗೆಯ ಚೆಂಬು, ಬೂದಿಯ ಚಿಪ್ಪು ತಂದಳು. ಹೊನ್ನಾಜಿ ಹೊಸಿಲ ಬಳಿ ಎರಡೂ ಕೈ ಒಡ್ಡಿದಳು. ಮತ್ತೆ ತೊಳೆಯುತ್ತಾಳೆ ಎಂಬ ನೋವು ಇದ್ದರೂ ತಾಯಿಯ ಮೇಲೆ ಈಗ ಅವಳಿಗೆ ಸಿಟ್ಟಿರಲಿಲ್ಲ. ದೇವಾಜಮ್ಮ ಚೆಂಬು ಎತ್ತಿದವಳು ಮಗಳ ಕೈಗಳನ್ನು ನೋಡಿದಳು. ತನ್ನ ತಾಯಿ ತನ್ನ ಕೈ ತೊಳೆದಿದ್ದೂ ನೆನಪಾಗಿರಬೇಕು. ಮಜ್ಜಿಗೆಯನ್ನು ಬಾಗಿಲ ಪಕ್ಕದ ನುಗ್ಗೆಗಿಡದ ಬುಡಕ್ಕೆ ಸುರಿದಳು. ಒಳಗೆ ಹೋಗಿ ಒಂದು ಉಂಡೆ ಕಲಸು ತಂದು ಮಗಳ ಬಲ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಿಸಿ ಮುಷ್ಟಿ ಮಾಡಿದಳು.

"ತೊಳೀಬ್ಯಾಡ ಕಣವ್ವ. ಹಂಗೇ ಹೋಗು."

ಹೊನ್ನಾಜಿ ಹೊಳೆ ದಾಟುವವರೆಗೂ ಮುಷ್ಟಿ ಬಿಚ್ಚಲಿಲ್ಲ ಎನ್ನುತ್ತಾರೆ. ಕಂಪು ಹೊರಗೆ ಹೋದರೆ ಮನೆ ಮುಳುಗುತ್ತದೆ ಎಂದು ತಲೆತಲಾಂತರದಿಂದ ಹೆದರಿದ್ದರಲ್ಲ, ಅದು ಹೊರಗೆ ಹೋಯಿತು. ಆದದ್ದಿಷ್ಟೇ. ಹೊಳೆಯಾಚೆಯವರು ಇದೆಲ್ಲಿಯದು ಎಂದು ಕೇಳಿಕೊಂಡು ಕೊಪ್ಪಲಿಗೆ ಬರತೊಡಗಿದರು. ಹೊನ್ನಾಜಿಯ ಸಾಧು ಗಂಡನೂ ಅಂದು ಮೊದಲ ಬಾರಿಗೆ ಮೂಗರಳಿಸಿ, "ಏನೋ ಚೆನ್ನಾಗದೆ ಕಣೇ" ಎಂದನಂತೆ.

ಈಗಲೂ ಮಾಘದ ಹುಣ್ಣಿಮೆಗೆ ಮುಂಚೆ ಕೊಪ್ಪಲಿಗೆ ಹೋದವರು ಇದನ್ನೆಲ್ಲ ಕಣ್ಣಾರೆ ನೋಡಬಹುದು. ಕಲಸುವ ದಿನ ಊರಿನ ಯಾವ ಬಾಗಿಲೂ ಹಾಕಿರುವುದಿಲ್ಲ. ಮನೆಮನೆಯ ಸೊಸೆಯಂದಿರು ಬಂಡೆಯ ಬುಡದ ಕುಳಿಯಲ್ಲಿ ಕಲಸುತ್ತಾರೆ, ಬೇರೆ ಬೇರೆ ಊರುಗಳಿಂದ ತವರಿಗೆ ಬಂದ ಹೆಣ್ಣುಮಕ್ಕಳು ಸರದಿಯ ಮೇಲೆ ನೆತ್ತಿಯಲ್ಲಿ ಕೂತು "ಬಂತು", "ಬರ್ಲಿಲ್ಲ" ಎಂದು ಕೂಗುತ್ತಾರೆ. ಜಟಾಮಾಂಸಿಯ ಹೆಸರನ್ನು ಅಲ್ಲಿ ಯಾರೂ ಎತ್ತುವುದಿಲ್ಲ, ಅದು ಕೊಪ್ಪಲಿನ ಬಾಯಲ್ಲಿ ಇಂದಿಗೂ ಅಜ್ಜಿ ಸೆರಗೇ. ಕ್ಯಾಮೆರಾ ಹಿಡಿದು ಮುಂದೆ ಬಂದವರನ್ನು, "ಗಾಳಿಗೆ ಅಡ್ಡ ನಿಲ್ಬ್ಯಾಡಿ, ಪಕ್ಕಕ್ಕೆ ಬನ್ನಿ" ಎಂದು ಗದರಿಸುತ್ತಾರೆ. ಸಂಜೆ ಊರಿನ ತಿರುವಿನಲ್ಲಿ ಆ ಹೆಣ್ಣುಮಕ್ಕಳು ತಂತಮ್ಮ ಮನೆಗೆ ಹೋಗುವ ಬಸ್ಸಿಗಾಗಿ ಸಾಲಾಗಿ ನಿಂತಿರುತ್ತಾರೆ, ಬಲಗೈ ಮುಷ್ಟಿ ಬಿಗಿದುಕೊಂಡು. ಬೆರಳುಗಳೆಲ್ಲ ಕಪ್ಪು. ಬಸ್ಸಿನಲ್ಲಿ ಟಿಕೆಟ್ಟಿಗೆ ಎಡಗೈ ಚಾಚುತ್ತಾರೆ. ಬೇರೆ ದಿನ ಹಾಗೆ ಎಡಗೈ ಒಡ್ಡಿದರೆ ಮುಖ ಸಿಂಡರಿಸುವ ಕಂಡಕ್ಟರ್ ಅಂದು ಏನೂ ಅನ್ನುವುದಿಲ್ಲ. ಅವನ ಹೆಂಡತಿಯೂ ಕೊಪ್ಪಲಿನವಳೇ. ಮನೆಯಲ್ಲಿ ಅವಳೂ ಇನ್ನೂ ಕೈ ತೊಳೆದಿರುವುದಿಲ್ಲ.